ಈಚಲಹಟ್ಟಿಯ ವಸ್ತಿ ಬಸ್ಸು

ಅಪ್ಪಾ,

ನಿನ್ನ ಮಗಳು ಸರೋಜಾ, ಕಂಪ್ಲಿಯಿಂದ ಬರೆಯುತ್ತಿದ್ದೇನೆ. ನೀನು ಹೋಗಿ ಆರು ವರ್ಷವಾಯಿತು. ಇಷ್ಟು ದಿನ ನಿನಗೆ ಹೇಳಬೇಕಾದ್ದು ಏನಿದ್ದರೂ ಮನಸ್ಸಿನಲ್ಲೇ ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಈ ಸಲ ಅದು ಆಗಲಿಲ್ಲ. ಕಳೆದ ವರ್ಷದ ನಾಟಿ ಕಾಲದಿಂದ ಈಚೆಗೆ ನಡೆದದ್ದನ್ನು ಕೂತು ಬರೆಯದಿದ್ದರೆ ನಿನಗೆ ಮುಖ ತಪ್ಪಿಸಿದ ಹಾಗೆ ಅನ್ನಿಸುತ್ತಿದೆ. ಒಮ್ಮೆ ಹಾಗೆ ಮುಖ ತಪ್ಪಿಸಿದವಳು ನಾನು. ಅದನ್ನೂ ಬರೆಯುತ್ತೇನೆ.

ವಸ್ತಿ ಡ್ಯೂಟಿ ಮುಗಿಸಿ ನೀನು ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಗೆ ಬರುವಾಗ ಖಾಕಿ ಅಂಗಿಯ ಎರಡೂ ಜೇಬು ಉಬ್ಬಿರುತ್ತಿದ್ದವು. ಒಂದು ದಿನ ಬಾರಿಹಣ್ಣು, ಒಂದು ದಿನ ಹಸಿ ಶೇಂಗಾ, ಸೀತಾಫಲದ ಕಾಲದಲ್ಲಿ ಟವೆಲ್ಲಿನ ಒಂದು ಗಂಟು. ಸಂಜೆ ಹೊಸಪೇಟೆ ಬಿಟ್ಟು, ಸಂಡೂರು ದಾಟಿ, ಗುಡ್ಡದ ಮಗ್ಗುಲಿಗಿರುವ ಈಚಲಹಟ್ಟಿಗೆ ಹೋಗಿ, ಅಲ್ಲೇ ತಂಗಿ, ಬೆಳಿಗ್ಗೆ ಊರಿನವರನ್ನು ಹತ್ತಿಸಿಕೊಂಡು ಬರುವ ಬಸ್ಸು ನಿನ್ನದು. "ಈ ಮನುಷ್ಯಾಗ ಎರಡು ಸಂಸಾರ ಅದಾವ ನೋಡ್ರಿ. ಒಂದು ಇಲ್ಲಿ, ಒಂದು ಈಚಲಹಟ್ಟ್ಯಾಗ" ಎಂದು ಅಮ್ಮ ಪಕ್ಕದ ಮನೆಯವರ ಮುಂದೆ ನಗುತ್ತಿದ್ದಳು. ನೀನು ಇಲ್ಲವೆನ್ನುತ್ತಿರಲಿಲ್ಲ. ಜೇಬು ಬರಿದು ಮಾಡಿ, ಯಾವ ಹಣ್ಣು ಯಾರು ಕೊಟ್ಟದ್ದು ಎಂದು ಹೆಸರು ಹಿಡಿದು ಹೇಳುತ್ತಿದ್ದೆ.

ಆ ಹೆಸರುಗಳಲ್ಲಿ ಹುಲಿಗೆಮ್ಮನದು ಹೆಚ್ಚು ಸಲ ಬರುತ್ತಿತ್ತು. ಊರಲ್ಲಿ ಎಲ್ಲರ ಬಾಯಲ್ಲೂ ಹುಲಿಗಿ. ಈಚಲಹಟ್ಟಿಯ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ನಿನ್ನ ಬಸ್ಸು ಶುರುವಾದ ಮೇಲೆ ಆ ಊರಿನ ಹುಡುಗಿಯರು ಮೊದಲ ಬಾರಿಗೆ ಸಂಡೂರಿನ ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ಹನ್ನೆರಡು ಹುಡುಗಿಯರು. ಹುಲಿಗಿ ನಿನ್ನ ಪಕ್ಕ, ಎಂಜಿನ್ನಿನ ಬಾನೆಟ್ಟಿಗೆ ಒರಗಿ ಕೂತು, ಗದ್ದಲದಲ್ಲೂ ನಿನಗೆ ಕೇಳುವ ಹಾಗೆ ಪಾಠ ಜೋರಾಗಿ ಓದುತ್ತಿದ್ದಳಂತೆ. "ನಾ ಏಳನೇ ಕ್ಲಾಸಿಗೆ ಶಾಲಿ ಬಿಟ್ಟಾಂವ. ಎಂಟು, ಒಂಬತ್ತು ಈಕಿ ಕೂಡ ಓದಿದೆ" ಎಂದು ನೀನು ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನೂ ಮನೆಯಲ್ಲಿ ಜೋರಾಗಿಯೇ ಓದುತ್ತಿದ್ದೆನಲ್ಲ. ನನ್ನದು ಯಾಕೆ ನಿನಗೆ ಕೇಳಿಸುತ್ತಿರಲಿಲ್ಲ?

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ನೀನು ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದೆ, ಬಾಯಿಗಿಡಲಿಲ್ಲ. ಆ ಕಾಲದಲ್ಲಿ ಎಲ್ಲಿ ಕೇಳಿದರೂ ಒಂದೇ ಮಾತು. ಸರ್ಕಾರ ಖರ್ಚು ಇಳಿಸಬೇಕು, ನಷ್ಟದ್ದನ್ನು ಮುಚ್ಚಬೇಕು, ಹೊಸಬರನ್ನು ನೌಕರಿಗೆ ತಗೊಳ್ಳಬಾರದು, ಉಳಿದದ್ದನ್ನು ಖಾಸಗಿಯವರು ನೋಡಿಕೊಳ್ಳುತ್ತಾರೆ. ಪೇಪರಿನಲ್ಲಿ ಓದುವಾಗ ಅದು ಬುದ್ಧಿವಂತರ ಮಾತಿನ ಹಾಗೇ ಇರುತ್ತಿತ್ತು. ನಮ್ಮ ಮನೆಗೆ ಅದು ಬಂದದ್ದು ಒಂದು ಪಟ್ಟಿಯಾಗಿ. ಲಾಭವಿಲ್ಲದ ಮಾರ್ಗಗಳು ಎಂದು ತಲೆಬರಹ, ಅದರಲ್ಲಿ ಈಚಲಹಟ್ಟಿ. ನಿನ್ನ ಕಂಡಕ್ಟರ್ ಖಾದರ್ ಮಾಮ ಬಾಗಿಲಲ್ಲೇ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಟಿಕೆಟ್ ತಗೊಂಡೋರ ಲೆಕ್ಕ ಅಷ್ಟ ಹಿಡಿದಾರ. ಪಾಸಿನ ಹುಡುಗ್ಯಾರನ್ನ ಎಣಿಸಂಗಿಲ್ಲಂತ."

"ಎಣಿಸಂಗಿಲ್ಲ ಅಂದ್ರ? ಅವರೇನು ಗಾಳಿಯೇನು, ಖಾದರ್? ಸೀಟಿನ ಮ್ಯಾಲೆ ಕುಂತಿರತಾರಲ್ಲ" ಎಂದೆ ನೀನು. ಡಿಪೊದ ಸಾಹೇಬರನ್ನು ಕೇಳಿದರೆ ಅವರೂ ಮೇಲೆ ಕೈ ತೋರಿಸಿದರಂತೆ. ಎಲ್ಲರಿಗೂ ಮೇಲಿನಿಂದ ಬಂದದ್ದು. ಆ ಮೇಲೆ ಎನ್ನುವುದು ಎಲ್ಲಿದೆ, ಅಲ್ಲಿ ಯಾರು ಕೂತಿರುತ್ತಾರೆ ಎಂದು ನಮಗೆ ಕೊನೆಗೂ ತಿಳಿಯಲಿಲ್ಲ.

ಕೊನೆಯ ದಿನ ಶನಿವಾರ. ನೀನು ನನ್ನನ್ನು ಹಿಂದಿನ ಸಂಜೆಯೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಯಾಕೆ ಕರೆದೆ ಎಂದು ಆಗ ತಿಳಿಯಲಿಲ್ಲ. ಬೆಳಿಗ್ಗೆ ಹನ್ನೆರಡೂ ಹುಡುಗಿಯರು ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ನೀಲಿ ಲಂಗದಲ್ಲಿ ಬಂದು ಅವರವರ ಜಾಗದಲ್ಲಿ ಕೂತರು. ಅದು ಕೊನೆಯ ದಿನ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀನು ಸಂಡೂರಿನ ಹೈಸ್ಕೂಲಿನ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಹೇಳಿದೆ. "ನಾಳಿಂದ ಗಾಡಿ ಬರಂಗಿಲ್ಲ, ನಮ್ಮವ್ವ."

ಒಬ್ಬಳು ನಕ್ಕಳು, ತಮಾಷೆ ಅಂದುಕೊಂಡು. ಹುಲಿಗಿ ಮಾತ್ರ ನಿನ್ನ ಮುಖವನ್ನೇ ನೋಡುತ್ತಿದ್ದಳು. "ನಾಳಿಗಿ ಐತ್ವಾರ, ನಡೀತೈತಿ. ಸೋಮವಾರ?" ಎಂದು ಕೇಳಿದಳು. "ಸೋಮವಾರನೂ ಬರಂಗಿಲ್ಲ, ಮಗಳ" ಎಂದೆ. ಅವಳು ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಇಳಿದಳು. ಇಳಿದ ಮೇಲೂ ಬಾಗಿಲ ಕಂಬಿಯನ್ನು ಬಿಡದೆ ಸ್ವಲ್ಪ ಹೊತ್ತು ನಿಂತಿದ್ದಳು. ನೀನು ಗಾಡಿ ಚಾಲೂ ಮಾಡಲಿಲ್ಲ. ಅವಳಾಗೇ ಕೈ ತೆಗೆಯುವವರೆಗೆ ಕಾದೆ.

ಆಮೇಲೆ ಖಾಸಗಿಯವರು ನೋಡಿಕೊಂಡರು. ಒಂದು ಟ್ರ್ಯಾಕ್ಸ್ ಜೀಪು ಬಂತು. ಅದು ಗಣಿಗೆ ಹೋಗುವ ಗಂಡಸರ ಹೊತ್ತಿಗೆ ಹೋಗುತ್ತಿತ್ತು, ಅವರ ಹೊತ್ತಿಗೆ ಬರುತ್ತಿತ್ತು. ಶಾಲೆಯ ಗಂಟೆಗೂ ಅದಕ್ಕೂ ಸಂಬಂಧವಿರಲಿಲ್ಲ. ಗಂಡುಮಕ್ಕಳು ಅದಿರಿನ ಲಾರಿಗೆ ಕೈ ಮಾಡಿ, ಇಲ್ಲವೆ ಸೈಕಲ್ಲು ತುಳಿದು ಹೇಗೋ ಹೋದರು. ಲಾರಿಗಳಿಗಾಗಿ ರಸ್ತೆಯನ್ನೂ ಅಗಲ ಮಾಡಿದರು. ಹುಡುಗಿಯರು ಒಂದು ತಿಂಗಳು ಆ ಕೆಂಪು ಧೂಳಿನಲ್ಲಿ ಒಟ್ಟಿಗೆ ನಡೆದರು. ಆಮೇಲೆ ಹನ್ನೆರಡು ಎಂಟಾಯಿತು, ಎಂಟು ಮೂರಾಯಿತು. ದಸರಾ ರಜೆ ಮುಗಿದು ಶಾಲೆ ತೆರೆದಾಗ ಈಚಲಹಟ್ಟಿಯಿಂದ ಒಬ್ಬಳೂ ಇರಲಿಲ್ಲ. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಡಲಿಲ್ಲ, ಅಪ್ಪಾ. ನಷ್ಟ ನಿಂತಿತು ಎಂದಷ್ಟೇ ಬರೆದಿರಬೇಕು.

ನಿನ್ನ ವಾರದ ರಜೆಯ ದಿನ ನೀನು ಮೊಪೆಡ್ ಹತ್ತಿಕೊಂಡು ಈಚಲಹಟ್ಟಿಗೆ ಹೋಗಿ ಬಂದೆ. ಮರುವಾರ ಮತ್ತೆ ಹೋದೆ. ಎರಡನೇ ಸಲ ಹೋಗಿ ಬಂದವನು ಅಮ್ಮನಿಗೆ ಹೇಳಿದೆ, "ಆ ಹುಡುಗಿನ್ನ ಇಲ್ಲಿಗೆ ಕರಕೊಂಡು ಬರ್ತೀನಿ. ಅವರವ್ವ ಹ್ಞೂಂ ಅಂದಾಳ. ನಮ್ಮ ಸರೋಜಿ ಜೋಡಿ ಹತ್ತು ಮುಗಿಸಲಿ." ಅಮ್ಮ ಒಂದು ಗಳಿಗೆ ಯೋಚಿಸಿ, ಆಯಿತು ಎಂದಳು. ಆಯಿತು ಎನ್ನದವಳು ನಾನು. ನಮ್ಮದು ಎರಡೇ ಕೋಣೆಯ ಮನೆ, ನನ್ನದು ಒಂದು ಮೂಲೆ, ಒಂದು ಹಾಸಿಗೆ. "ಆಕಿ ಬಂದ್ರ ನಾ ಅಜ್ಜಿ ಊರಿಗೆ ಹೋಗ್ತೀನಿ. ಪರೀಕ್ಷಾನೂ ಬರಿಯಂಗಿಲ್ಲ" ಎಂದೆ. ನಿನ್ನ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಗೋಡೆಯ ಕಡೆ ತಿರುಗಿ ಹೇಳಿದೆ. ನೀನು ಬೈಯಬಹುದಿತ್ತು. ಬೈದಿದ್ದರೆ ನಾನು ಅತ್ತು, ಎರಡು ದಿನಕ್ಕೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ಏನೂ ಅನ್ನಲಿಲ್ಲ. ಯಾಕಪ್ಪಾ ಅನ್ನಲಿಲ್ಲ?

ಮೂರನೇ ಸಲ ನೀನು ಹೋದಾಗ ಹುಲಿಗಿಯ ಮನೆಯ ಮುಂದೆ ಹಂದರ ಹಾಕಿದ್ದರು. ಅದೇ ಊರಿನ ಸೋದರಮಾವನ ಮಗನಿಗೆ ಕೊಟ್ಟರು. ಅವಳಿಗೆ ಆಗ ಹದಿನಾರೂ ತುಂಬಿರಲಿಲ್ಲ. ಅವಳ ಅವ್ವನನ್ನು ನೀನು ಬೈಯಲು ಹೋಗಿ, ಬೈಯಲಾಗದೆ ಬಂದೆಯಂತೆ. "ಶಾಲಿಗೆ ಹೋಗಾಕ ದಾರಿ ಇಲ್ಲ, ಮನ್ಯಾಗ ಒಬ್ಬಾಕಿನ್ನ ಬಿಟ್ಟು ಕೂಲಿಗೆ ಹೋಗಾಕ ಜೀವ ತಡಿಯಂಗಿಲ್ಲ. ನಾ ಏನ್ ಮಾಡ್ಲಿ ಡ್ರೈವರಣ್ಣ, ನೀವ ಹೇಳ್ರಿ" ಎಂದು ಆ ತಾಯಿ ಕೇಳಿದ್ದಳಂತೆ. ಇದನ್ನೆಲ್ಲ ನೀನು ಅಮ್ಮನಿಗೆ ಹೇಳಿದ್ದೆ. ಅಮ್ಮ ನನಗೆ ಹೇಳಿದ್ದು ನೀನು ಹೋದ ಮೇಲೆ.

ನಾನು ಓದಿದೆ. ಮನೆಯಿಂದ ನಡೆದರೆ ಸಿಗುವಷ್ಟು ಹತ್ತಿರ ಹೈಸ್ಕೂಲು, ಕಾಲೇಜು. ನಿನ್ನದು ಕಾಯಂ ನೌಕರಿ. ನಾನು ಜಾಣೆ, ಅದಕ್ಕೇ ಟೀಚರಾದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಕಂಪ್ಲಿಗೆ ಪೋಸ್ಟಿಂಗ್ ಆದ ದಿನ ನೀನು ಪೇಡೆ ಹಂಚಿದೆಯಲ್ಲ, ಆಗ ಒಂದು ಮಾತು ಅಂದಿದ್ದೆ. "ಆ ಹುಡುಗಿನೂ ಆಗಿರ್ತಿದ್ಲು." ಯಾವ ಹುಡುಗಿ ಎಂದು ಅಲ್ಲಿದ್ದವರು ಕೇಳಿದರು. ನಾನು ಪೇಡೆಯ ಡಬ್ಬಿ ಹಿಡಿದು ಒಳಗೆ ಹೋದೆ.

ಕಳೆದ ವರ್ಷ ನಾಟಿಯ ಹೊತ್ತಿಗೆ ನಮ್ಮ ಶಾಲೆಗೆ ಸಮೀಕ್ಷೆಯ ಕೆಲಸ ಬಂತು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಪಟ್ಟಿ ಮಾಡುವುದು. ಕಂಪ್ಲಿಯ ಕಾಲುವೆಯ ಕೆಳಗಿನ ಗದ್ದೆಗಳಿಗೆ ಬೇಸಾಯದ ಕಾಲದಲ್ಲಿ ದೂರದ ಊರುಗಳಿಂದ ಹೆಂಗಸರು ಗುಂಪು ಗುಂಪಾಗಿ ಬಂದು ಇಳಿಯುತ್ತಾರೆ, ನಿನಗೆ ಗೊತ್ತು. ಒಂದು ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ, ಸಾಲಿನ ಕೊನೆಯಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ದೊಡ್ಡವರಷ್ಟೇ ಬೇಗ ಸಸಿ ಊರುತ್ತಿದ್ದಳು. ಹೆಸರು ಕೇಳಿದೆ, ಅಂಜಲಿ ಎಂದಳು. ಯಾಕೆ ಶಾಲೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅವಳ ಬದಲು ಪಕ್ಕದಲ್ಲಿದ್ದ ಅವಳ ತಾಯಿ ಬಗ್ಗಿದಲ್ಲಿಂದಲೇ ಹೇಳಿದಳು. "ಏಳರ ತನ ಊರಾಗ ಐತ್ರಿ. ಎಂಟಕ್ಕ ಸಂಡೂರಿಗೆ ಹೋಗ್ಬೇಕು. ಬಸ್ಸಿಲ್ರಿ."

ಯಾವ ಊರು ಎಂದೆ. ಈಚಲಹಟ್ಟಿ ಎಂದಳು.

ನನ್ನ ಕೈಯಲ್ಲಿ ಫಾರಂ ಇತ್ತು. ಶಾಲೆ ಬಿಟ್ಟದ್ದಕ್ಕೆ ಕಾರಣ ಎಂಬ ಕಡೆ ಗುರುತು ಹಾಕಬೇಕು. ಬಡತನ, ವಲಸೆ, ಬಾಲ್ಯವಿವಾಹ, ಪೋಷಕರ ನಿರಾಸಕ್ತಿ. ಬಸ್ಸು ತೆಗೆದರು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ನಾನು ಪೆನ್ನು ಹಿಡಿದು ನಿಂತೇ ಇದ್ದೆ. ಆ ಹೆಂಗಸು ಸೊಂಟ ಹಿಡಿದುಕೊಂಡು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಇಟ್ಟು ನನ್ನನ್ನು ನೋಡಿದಳು. "ನೀವು ಹನುಮಂತಪ್ಪ ಡ್ರೈವರ್ ಮಗಳಲ್ಲೇನ್ರಿ? ಕಡೀ ದಿನ ಗಾಡ್ಯಾಗ ಬಂದಿದ್ರಿ. ಹಸರು ಲಂಗ."

ನಿನ್ನ ಹುಲಿಗಿ, ಅಪ್ಪಾ. ನನ್ನ ವಯಸ್ಸಿನವಳೇ. ಆದರೆ ದಾರಿಯಲ್ಲಿ ಸಿಕ್ಕಿದ್ದರೆ ಅಕ್ಕ ಎಂದು ಕರೆಯುತ್ತಿದ್ದೆ.

ಮಧ್ಯಾಹ್ನ ಅವರು ರೊಟ್ಟಿ ಬಿಚ್ಚಿದಾಗ ನಾನೂ ಬದುವಿನ ಮೇಲೆ ಕೂತೆ. ನೀನು ತೀರಿಕೊಂಡದ್ದು ಅವಳಿಗೆ ತಿಳಿದಿರಲಿಲ್ಲ. ಹೇಳಿದಾಗ ಕೈಯಲ್ಲಿನ ರೊಟ್ಟಿಯನ್ನು ಮಡಚಿ ಇಟ್ಟಳು. ಆಮೇಲೆ ತನ್ನ ಕಥೆ ಹೇಳಿದಳು, ಬೇರೆ ಯಾರದ್ದೋ ಎಂಬಂತೆ. ಗಂಡ ಗಣಿಯಲ್ಲಿ ದಿನಗೂಲಿ ಇದ್ದ. ಗಣಿ ನಿಂತಾಗ ಕೆಲಸ ಹೋಯಿತು, ಮತ್ತೆ ಶುರುವಾದಾಗ ಮಷೀನುಗಳು ಬಂದಿದ್ದವು. ಹಿರಿಯ ಮಗಳು ಪವಿತ್ರಾ ಏಳಕ್ಕೇ ನಿಂತಳು, ಅದೇ ಕಾರಣಕ್ಕೆ. ಈಗ ಮರಿಯಮ್ಮನಹಳ್ಳಿಯಲ್ಲಿ ಗಂಡನ ಮನೆ, ಹತ್ತೊಂಬತ್ತಕ್ಕೆ ಎರಡು ಮಕ್ಕಳು. "ನನ್ನ ಹೊಟ್ಟ್ಯಾಗ ಹುಟ್ಟಿದ್ಲು ಅಂತ ಆಕೀದೂ ನನ್ನ ಹಣೆಬರಾನ ಆತು ಅಂತಾರ ಮಂದಿ. ಹಣೆಬರ ಎಲ್ಲೈತ್ರಿ ಟೀಚರ? ಇದ್ದ ಬಸ್ ತಗದ್ರು, ಅಷ್ಟ" ಎಂದಳು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ. ಸುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. "ನಮ್ಮೂರಾಗ ಬಸ್ಸೂ ಇಲ್ಲ, ಟಿಕೆಟ್ಟೂ ಇಲ್ರಿ" ಎಂದಳು ಒಬ್ಬ ಮುದುಕಿ.

ಅಲ್ಲೇ, ಅವರೆಲ್ಲರ ಮುಂದೆ, ನಾನು ಗೋಡೆಯ ಕಡೆ ತಿರುಗಿ ಹೇಳಿದ್ದ ಆ ಮಾತನ್ನು ಹುಲಿಗಿಗೆ ಹೇಳಿಬಿಟ್ಟೆ. ನೀನು ಅವಳನ್ನು ಕರೆತರಲು ಹೊರಟದ್ದು, ನಾನು ತಡೆದದ್ದು. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡದ್ದು. ಅವಳಿಗೆ ಗೊತ್ತಿತ್ತಂತೆ. "ನಿಮ್ಮಪ್ಪ ಬಂದು, ಮನಿ ಸಣ್ಣದೈತಿ ಮಗಳ ಅಂದಾಗ ತಿಳೀತು. ಸಣ್ಣ ಹುಡುಗಿ ನೀವು, ನಿಮಗೇನ್ ಬೈಯಾದು?" ಎಂದಳು. ನನಗೆ ಅಳು ಬಂತು. ಅಂಜಲಿಯನ್ನು ನನ್ನ ಜೊತೆ ಕಳಿಸು, ನಾನು ಓದಿಸುತ್ತೇನೆ ಎಂದೆ.

ಹುಲಿಗಿ ನೀರು ಕುಡಿದು, ಚೊಂಬು ತೊಳೆದು ಇಟ್ಟು, ಆಮೇಲೆ ಹೇಳಿದಳು. "ಆವಾಗ ನಿಮ್ಮಪ್ಪ ನನ್ನ ಕರದ್ರು. ಈಗ ನೀವು ನನ್ನ ಮಗಳ್ನ ಕರೀತೀರಿ. ನಿಮ್ದು ಭಾಳ ದೊಡ್ಡ ಮನಸು. ಆದ್ರ ಆವಾಗ ನಾ ಬಂದಿದ್ರ ಉಳಿದ ಹನ್ನೊಂದು ಮಂದಿ? ಅವರಿಗೆ ಯಾರ್ ಮನಿ ಇತ್ರಿ?"

ಇಪ್ಪತ್ತು ವರ್ಷ ನಾನು ಅಳೆಯುತ್ತಿದ್ದದ್ದು ನನ್ನ ಹಾಸಿಗೆಯ ಅಗಲವನ್ನು ಮಾತ್ರ. ಆ ಹನ್ನೊಂದು ಹುಡುಗಿಯರ ಮುಖ ನನಗೆ ನೆನಪೇ ಇರಲಿಲ್ಲ.

"ಅಂಜಲಿನ್ನ ಕರಕೊಂಡು ಹೋಗ್ರಿ" ಎಂದಳು ಕೊನೆಗೆ. "ಬಸ್ ಬರೋ ತನ ಇಟ್ಗೊರ್ರಿ. ಬಂದ ದಿನ ನನಗ ಕಳಿಸ್ಬೇಕು. ಮತ್ತ ಉಳಿದಾರ ಸಲುವಾಗಿ ಅರ್ಜಿ ಬರೀರಿ. ನಮಗ ಬರಿಯಾಕ ಬರಂಗಿಲ್ಲ ಅಂತಲ್ಲ. ನೀವು ಬರದ್ರ ಓದ್ತಾರ."

ಅಂಜಲಿ ಒಂದು ವರ್ಷ ನನ್ನ ಜೊತೆ ಇದ್ದಳು. ನೀನು ಅವಳನ್ನು ನೋಡಬೇಕಿತ್ತು. ಊಟಕ್ಕೆ ಕೂತರೆ ಪ್ರಶ್ನೆ, ಬಟ್ಟೆ ಒಗೆಯುವಾಗ ಪ್ರಶ್ನೆ. ಅರ್ಜಿಗೆ ಊರಿನ ಹೆಂಗಸರೆಲ್ಲ ಸಹಿ ಮಾಡಿದರು. ಆ ಹನ್ನೆರಡರಲ್ಲಿ ಊರಲ್ಲೇ ಉಳಿದಿದ್ದ ಐದು ಜನ ಅಚ್ಚುಕಟ್ಟಾಗಿ ಪೂರ್ತಿ ಹೆಸರು ಬರೆದರು. ನಾವು ಎಷ್ಟು ಸಲ ಎಷ್ಟು ಕಚೇರಿಗೆ ಹೋದೆವು ಎಂದು ಬರೆದು ನಿನ್ನನ್ನು ದಣಿಸುವುದಿಲ್ಲ. ಈಗಿನ ಡಿಪೊ ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ. ಕುರ್ಚಿ ಹಾಕಿಸಿ ಎಲ್ಲರನ್ನೂ ಕೂರಿಸಿದ. "ಮೇಡಂ, ನಂಗೂ ಅಕ್ಕತಂಗ್ಯಾರು ಅದಾರ. ಬಸ್ ಅದಾವ, ಓಡ್ಸಾಕ ಮಂದಿ ಇಲ್ಲ. ರಿಟೈರ್ ಆದೋರ ಜಾಗಕ್ಕ ಯಾರನ್ನೂ ತುಂಬಿಲ್ಲ. ಇರೋರಾಗ ಅರ್ಧ ಮಂದಿ ಕಾಂಟ್ರಾಕ್ಟ್ ಮ್ಯಾಲೆ, ಇವತ್ತಿರ್ತಾರ, ನಾಳಿಗಿಲ್ಲ" ಎಂದ. ನಿನ್ನ ಜಾಗವೂ ತುಂಬದೆ ಉಳಿದವುಗಳಲ್ಲಿ ಒಂದಿರಬೇಕು, ಅಪ್ಪಾ. ಹುಲಿಗಿ ಅವನಿಗೆ ಹೇಳಿದ್ದು ಒಂದೇ ಮಾತು. "ಸಾಹೇಬ್ರ, ನಿಮ್ಮ ತೊಂದ್ರಿ ತಿಳೀತು. ನಮ್ದು ತಿಳಕೊಳ್ಳಾಕ ಒಂದಿನ ನಮ್ಮೂರಿಂದ ಸಂಡೂರಿಗೆ ನಡಕೊಂಡು ಬರ್ರಿ." ಅವನು ನಡೆಯಲಿಲ್ಲ, ಜೀಪಿನಲ್ಲಿ ಬಂದ. ಆದರೆ ಬಂದ. ಊರೆಲ್ಲ ನೋಡಿ ಹೋಗಿ, ಮೇಲಿನವರಿಗೆ ಬರೆದ.

ಈಗ ನಿನಗೆ ಹೇಳಬೇಕಾದ ಸುದ್ದಿ. ಎರಡು ತಿಂಗಳ ಹಿಂದೆ ಈಚಲಹಟ್ಟಿಗೆ ಬಸ್ಸು ಬಂತು. ವಸ್ತಿ ಇಲ್ಲ, ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು. ಮೂರು ತಿಂಗಳು ನೋಡುತ್ತಾರಂತೆ, ಜನ ಹತ್ತದಿದ್ದರೆ ಮತ್ತೆ ನಿಲ್ಲಿಸುತ್ತಾರಂತೆ. ಮೊದಲ ದಿನ ಊರಿನವರು ಬಸ್ಸಿಗೆ ಹೂವಿನ ಹಾರ ಹಾಕಿ, ಕಾಯಿ ಒಡೆದರು. ಪಕ್ಕದಲ್ಲಿ ನಿಂತಿದ್ದ ಹುಲಿಗಿಗೆ ನಾನು, ಕೊನೆಗೂ ಬಂತಲ್ಲ ಎಂದೆ. ಅವಳು ಬಸ್ಸನ್ನೇ ನೋಡುತ್ತಾ ಹೇಳಿದಳು. "ಬಂತ್ರಿ. ನಂದು ಹೋಗಿದ್ದು ಬರಂಗಿಲ್ಲಲ್ಲ. ಪವಿತ್ರಾಂದೂ ಬರಂಗಿಲ್ಲ." ಸಿಟ್ಟಿನಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾತು ಕೊಟ್ಟಂತೆ ನಾನು ಅಂಜಲಿಯನ್ನು ಅವಳ ಕೈಗೊಪ್ಪಿಸಿ ಬಂದೆ. ಕಂಪ್ಲಿಯ ಮನೆ ಎರಡು ದಿನ ಬಿಕೋ ಎಂದಿತು.

ಹೆಂಗಸರು ಒಂದು ಉಪಾಯ ಮಾಡಿದ್ದಾರೆ. ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲದಿದ್ದರೂ ಕಂಡಕ್ಟರು ಒಂದು ಚೀಟಿ ಹರಿದು ಕೊಡುತ್ತಾನೆ, ಅದು ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಊರಿನ ಹೆಂಗಸರು ಪಾಳಿ ಹಾಕಿಕೊಂಡಿದ್ದಾರೆ. ಕೂಲಿ ಇಲ್ಲದ ದಿನ, ಕೆಲಸವಿರಲಿ ಬಿಡಲಿ, ಹತ್ತು ಜನ ಬೆಳಿಗ್ಗೆ ಬಸ್ಸು ಹತ್ತಿ ಸಂಡೂರಿಗೆ ಹೋಗುತ್ತಾರೆ. ಸಂತೆಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ, ಸಂಜೆ ಶಾಲೆ ಬಿಟ್ಟ ಹುಡುಗಿಯರ ಜೊತೆ ವಾಪಸ್ಸು ಬರುತ್ತಾರೆ. ಎಪ್ಪತ್ತು ದಾಟಿದ ಹುಲಿಗಿಯ ಅವ್ವ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತಾಳಂತೆ. "ಸಂಡೂರಾಗ ನಿನಗೇನ್ ಕೆಲಸ ಅಜ್ಜಿ?" ಎಂದು ಹೊಸ ಡ್ರೈವರ್ ಕೇಳಿದನಂತೆ. "ನಿನ್ನ ಗಾಡಿ ತುಂಬಾದ ನನ್ನ ಕೆಲಸಪ್ಪ" ಎಂದಳಂತೆ.

ಈಗ ಒಂಬತ್ತು ಹುಡುಗಿಯರು ಹೋಗುತ್ತಿದ್ದಾರೆ. ಅಂಜಲಿ ಒಂಬತ್ತನೇ ಕ್ಲಾಸು. ಮೂರು ತಿಂಗಳು ತುಂಬಲು ಇನ್ನು ಇಪ್ಪತ್ತೆರಡು ದಿನ. ಸುಗ್ಗಿ ಶುರುವಾಗಿದೆ, ಹೆಂಗಸರೆಲ್ಲ ಕೂಲಿಗೆ ಹೋಗಬೇಕು, ಪಾಳಿಗೆ ಜನ ಸಾಲುತ್ತಿಲ್ಲ ಎಂದು ಹುಲಿಗಿ ನಿನ್ನೆ ಫೋನ್ ಮಾಡಿದ್ದಳು. ಅದಕ್ಕೆ ನನ್ನ ಹೆಸರನ್ನೂ ಬರೆದುಕೊಂಡಿದ್ದಾಳೆ, ನನ್ನನ್ನು ಕೇಳದೆ. ಈ ಶುಕ್ರವಾರ ಸಂಜೆಯ ಬಸ್ಸಿಗೆ ಈಚಲಹಟ್ಟಿಗೆ ಹೋಗುತ್ತೇನೆ. ಶನಿವಾರ ಬೆಳಿಗ್ಗೆ ನನ್ನ ಪಾಳಿ. ಶಾಲೆಗೆ ರಜೆ ಹಾಕಿದ್ದೇನೆ, ಅಮ್ಮನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಇಬ್ಬರದೂ ಎಣಿಕೆಗೆ ಸೇರುತ್ತದೆ, ಅಪ್ಪಾ.

ನಿನ್ನ
ಸರೋಜಿ